ಕೆಂಬಾಲದ ಹೆಂಟೆ

ಹಿರಿಮಗಳು ನಿಂಬೆವ್ವನ ಹೆಂಟೆಯಲ್ಲಿ ಆ ವರ್ಷ ಉಳಿದಿದ್ದದ್ದು ಬೆರಳುಗಳ ಭಾಗ ಮಾತ್ರ. ಹಿಮ್ಮಡಿ ಮೊದಲ ವರ್ಷವೇ ಹೋಗಿತ್ತು. ನಡುಪಾದ ಎರಡನೆಯ ವರ್ಷ ಹೋಯಿತು. ಅಂಗೈಯಗಲದ ಒಣಮಣ್ಣು, ಅದರ ಮೇಲೆ ಸಾಲಾಗಿ ಐದು ಗುಳಿ, ಹಿಂದೆ ಒಂದಿಷ್ಟು ಬಿರುಕು. ಅದನ್ನು ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಬೀಸುಕಲ್ಲಿನ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ. ರಾತ್ರಿ ಮುಸುರೆ ತಿಕ್ಕಿ, ಚಿಕ್ಕ ಮಗಳು ಸಾವಂತ್ರಿಯನ್ನು ಮಲಗಿಸಿದ ಮೇಲೆ ಬಟ್ಟೆ ಬಿಚ್ಚಿ ಒಂದೊಂದು ಗುಳಿಯಲ್ಲೂ ಬೆರಳ ತುದಿ ಇಟ್ಟು ಕೂರುತ್ತಿದ್ದೆ. ಮಗಳ ಕಾಲು ಹಿಡಿದಂತೆ ಆಗುತ್ತಿತ್ತು. ಆಮೇಲೆ ಒಳಕೋಣೆಗೆ ಹೋಗಿ ನಿಜವಾದ ಕಾಲನ್ನೂ ಹಿಡಿಯುತ್ತಿದ್ದೆ. ಅದು ನೀರಿನ ಗಡಿಗೆಯ ಹೊಟ್ಟೆಯಂತೆ ತಣ್ಣಗಿರುತ್ತಿತ್ತು.

ನಮ್ಮೂರಿನ ಕೆರೆ ಪ್ರತಿವರ್ಷ ಬತ್ತುತ್ತದೆ, ಪ್ರತಿವರ್ಷ ತುಂಬುತ್ತದೆ. ಅದರಲ್ಲಿರುವುದು ಒಂದೇ ಜಾತಿಯ ಮೀನು. ನಾವು ಕೆಂಬಾಲ ಅನ್ನುತ್ತೇವೆ. ಗಂಡು ಕಿರುಬೆರಳಿನಷ್ಟು ಉದ್ದ, ಮೈಯೆಲ್ಲ ನೀಲಿ, ಒಂದೊಂದು ಹುರುಪೆಯ ಅಂಚಿಗೂ ಕೆಂಪು ಗೆರೆ, ಬಾಲವನ್ನು ಯಾರೋ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದಂತೆ. ಹೆಣ್ಣಿಗೆ ಕೆಸರಿನ ಬಣ್ಣ. ಅಲುಗಾಡದಿದ್ದರೆ ಇದೆ ಎಂದೇ ತಿಳಿಯುವುದಿಲ್ಲ. ಯಾವುದೋ ಕಾಲದಲ್ಲಿ ಆಫ್ರಿಕಾ ಕಡೆಯ ಒಬ್ಬ ಕುದುರೆ ಸವಾರ ಇಲ್ಲಿಗೆ ಬಂದನಂತೆ. ಅವನ ಊರಿನ ಸರೋವರವೂ ಹೀಗೇ ಬತ್ತಿ ತುಂಬುವಂಥದ್ದು. ಅದರ ತಳದ ಒಂದು ಹೆಂಟೆ ಮಣ್ಣನ್ನು ಸೊಂಟಕ್ಕೆ ಕಟ್ಟಿಕೊಂಡೇ ಅವನು ಹಡಗು ಹತ್ತಿದ್ದ. ಮುಪ್ಪಿನಲ್ಲಿ, ಇನ್ನು ಊರಿಗೆ ಹೋಗಲಾರೆ ಅನ್ನಿಸಿದಾಗ, ಆ ಹೆಂಟೆಯನ್ನು ನಮ್ಮ ಕೆರೆಗೆ ಹಾಕಿದ. ಮರುದಿನ ನೀರಿನಲ್ಲಿ ಮರಿಗಳು ಆಡಿದವು. ಆ ವರ್ಷ ಕೆರೆ ಬತ್ತಿದಾಗ ಊರಿನಲ್ಲಿ ಮೊದಲ ಬಾರಿಗೆ ಒಬ್ಬರು ಮಲಗಿದರು.

ಈಗ ವರ್ಷಕ್ಕೆ ಏಳೆಂಟು ಜನ ಮಲಗುತ್ತಾರೆ. ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲ. ಹೋಳಿ ಕಳೆದು, ಕೆರೆಯ ನೀರು ಒಂದು ಮೊರದಷ್ಟು ಅಗಲಕ್ಕೆ ಇಳಿದ ದಿನ ಊರೆಲ್ಲ ಹೋಗಿ ಕೆಸರಿನ ಮೇಲೆ ಒಂದು ಸುತ್ತು ನಡೆದು ಬರುತ್ತೇವೆ. ಮನೆಗೆ ಬಂದ ಮೇಲೆ ಕೆಲವರು "ಕಾಲು ಜಡ ಆಗ್ಯಾವ" ಅನ್ನುತ್ತಾರೆ. ಮನೆಯವರು ಬೇರೇನೂ ಕೇಳದೆ ಒಳಕೋಣೆಯಲ್ಲಿ ಮರಳು ಹರಡುತ್ತಾರೆ. ಇನ್ನೊಬ್ಬರು ಸಲಿಕೆ ಹಿಡಿದು ಕೆರೆಗೆ ಓಡುತ್ತಾರೆ. ಮಲಗುವವರ ಕೊನೆಯ ಹೆಜ್ಜೆ ಎಲ್ಲಿದೆ ಎಂದು ಹುಡುಕಿ, ಅದನ್ನು ಒಡೆಯದಂತೆ ಎತ್ತಿ ತಂದು ನೆರಳಿನಲ್ಲಿ ಒಣಗಿಸಬೇಕು. ಅದು ಅವರ ಹೆಂಟೆ. ಅದರೊಳಗೆ ಕೆಂಬಾಲದ ತತ್ತಿಗಳಿರುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅವೂ ಹಾಗೆಯೇ ಮಲಗಿರುತ್ತವೆ.

ಮಲಗಿದವರು ಉಣ್ಣುವುದಿಲ್ಲ, ಬೆಳೆಯುವುದಿಲ್ಲ. ನಾವು ಒಂದು ರೊಟ್ಟಿ ತಟ್ಟಿ ಬೇಯಿಸುವಷ್ಟರಲ್ಲಿ ಅವರು ಒಮ್ಮೆ ಉಸಿರಾಡಿದರೆ ಹೆಚ್ಚು. ಸೋಮವಾರಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಶಾಲೆಯ ಮಾಸ್ತರರು ಹಾಜರಿಯಲ್ಲಿ "ಮಲಗಿದ್ದಾಳೆ" ಎಂದು ಬರೆದು ಮುಂದಿನ ಹೆಸರು ಕೂಗುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ಸಲ ಮಲಗಿದ್ದಾಳೆ ಎಂದು ಕೇಳಿಯೇ ಚಹಾ ಕುಡಿಯುತ್ತಾರೆ.

ಆರಿದ್ರಾ ಮಳೆಗೆ ಕೆರೆ ತುಂಬಿದ ಕೂಡಲೇ ದುಂಡವ್ವ ಅಜ್ಜಿ ತನ್ನ ಬಿಳಿ ಬೋಗುಣಿಗಳನ್ನು ಹೊತ್ತು ಮನೆಮನೆಗೆ ಬರುತ್ತಾಳೆ. ಬೋಗುಣಿ ನೋಡಿ ಹೇಳುವ ಕೆಲಸ ಅವಳ ತಾಯಿಯದಾಗಿತ್ತು, ಅದಕ್ಕೂ ಮೊದಲು ಅವಳ ಅಜ್ಜಿಯದು. ಹೆಂಟೆಯಿಂದ ಒಂದು ಹಿಡಿ ಮುರಿದು ಒಂದು ಬೋಗುಣಿಗೆ ಹಾಕಿ, ಕೆರೆಯ ಹೊಸ ನೀರು ಹೊಯ್ದು ಹೋಗುತ್ತಾಳೆ. ಮರುದಿನ ಬೆಳಗ್ಗೆ ಬಂದು ನೋಡುತ್ತಾಳೆ. ಮರಿಗಳು ಒಡೆದು ನೀರಿನ ಮೇಲುಗಡೆ ಆಡುತ್ತಿದ್ದರೆ ಅದೇ ನೀರನ್ನು ಮಲಗಿದವರ ಕಣ್ಣಿಗೆ ಹಚ್ಚಿ ಹೆಸರು ಹಿಡಿದು ಕೂಗಬೇಕು. ಅವರು ಎದ್ದು ಹಸಿವು ಅನ್ನುತ್ತಾರೆ. ಮರಿಯೇ ಇಲ್ಲದಿದ್ದರೆ ಇನ್ನೂ ಹೊತ್ತು ಬಂದಿಲ್ಲ. ಕೆಲವೊಮ್ಮೆ ಮರಿ ಬರುತ್ತವೆ, ಆದರೆ ಮೇಲೆ ಏಳಲಾರವು. ಹೊಟ್ಟೆ ಎಳೆದುಕೊಂಡು ತಳದಲ್ಲೇ ಸರಿದಾಡುತ್ತವೆ. ಅವನ್ನು ತೆವಳುಮರಿ ಅನ್ನುತ್ತೇವೆ. ತೆವಳುಮರಿ ಕಂಡರೆ ಎಬ್ಬಿಸಬಾರದು. ಮತ್ತೊಂದು ವರ್ಷ ಕಾಯಬೇಕು. ಹೆಂಟೆ ಪೂರ್ತಿ ತೀರಿದರೂ ಏಳದವರನ್ನು ಕೆರೆ ಬತ್ತಿದ ದಿನ ಹೊತ್ತುಕೊಂಡು ಹೋಗಿ ತಳದ ಕೆಸರಿಗೆ ಒಪ್ಪಿಸಿ ಬರುತ್ತಾರೆ. ಕೆಸರು ಅವರನ್ನು ಮೆಲ್ಲಗೆ ಒಳಗೆ ತೆಗೆದುಕೊಳ್ಳುತ್ತದೆ. ಬಂದವರು ಕಾಲು ತೊಳೆದು ಉಣ್ಣುತ್ತಾರೆ. ಆ ಹೆಸರನ್ನು ಮತ್ತೆ ಯಾರಿಗೂ ಇಡುವುದಿಲ್ಲ.

ತೆವಳುಮರಿ ಕಂಡರೂ ಎಬ್ಬಿಸಿದರೆ ಏನಾಗುತ್ತದೆ ಎಂದು ತಿಳಿಯಲು ನಾನು ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ಸಾತಪ್ಪ ಕಾಕಾ ಇದ್ದರು. ಹನ್ನೊಂದು ವರ್ಷದ ಹಿಂದೆ ಅವರ ಹೆಂಡತಿ ಲಗುಮಕ್ಕ ತಡೆಯಲಾರದೆ, ದುಂಡವ್ವ ಬೇಡ ಅಂದರೂ ಕೇಳದೆ, ಅವರ ಕಣ್ಣಿಗೆ ನೀರು ಹಚ್ಚಿದ್ದಳು. ಅವರು ಎದ್ದರು. ಉಂಡರು. ಆದರೆ ಅಂದಿನಿಂದ ಅವರ ಲೋಕ ಮೊಣಕಾಲಿನ ಎತ್ತರದವರೆಗೆ ಮಾತ್ರ. ಗೋಡೆ ಹಿಡಿದು ಕೂತಲ್ಲಿಂದ ಕೂತಲ್ಲಿಗೆ ಸರಿಯುತ್ತಾರೆ. ತಲೆ ಎತ್ತುವುದಿಲ್ಲ. ನೋವಾಗುತ್ತದೆಯೇ ಎಂದು ಕೇಳಿದರೆ, "ನೋವ ಯಾಕ? ಎತ್ತಲಿಕ್ಕೆ ಏನೈತಿ ಅಲ್ಲಿ?" ಅನ್ನುತ್ತಾರೆ. ಊರಿನ ಎಲ್ಲರನ್ನೂ ಪಾದ ನೋಡಿ ಗುರುತು ಹಿಡಿಯುತ್ತಾರೆ.

ದಿನವೂ ಮಧ್ಯಾಹ್ನ ಲಗುಮಕ್ಕ ಅವರನ್ನು ಕರೆತಂದು ನಮ್ಮ ಪಡಸಾಲೆಯ ಚಾಪೆಯ ಮೇಲೆ ನನ್ನ ಪಕ್ಕ ಕೂರಿಸುತ್ತಿದ್ದಳು. "ಕಾಶವ್ವಾ, ಇವರನ್ನ ಇಲ್ಲೇ ಬಿಡತೀನಿ. ಇಬ್ಬರೂ ಮಾತಾಡ್ಕೋತ ಕುಂದರ್ರಿ," ಅನ್ನುತ್ತಿದ್ದಳು. ನಾನು ಮೊರದಲ್ಲಿ ತೊಗರಿಬೇಳೆ ಹರಡುತ್ತಿದ್ದೆ, ಅವರು ಹರಳು ಆರಿಸಿ ಕೊಡುತ್ತಿದ್ದರು. ಒಂದು ಹರಳನ್ನೂ ಬಿಡುತ್ತಿರಲಿಲ್ಲ. ಪಾಪ, ಇವರಿಗೆ ನನ್ನಿಂದ ಒಂದಿಷ್ಟು ಆಸರೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ನನಗೂ ಸಾವಂತ್ರಿ ಹುಟ್ಟಿದಾಗಿನಿಂದ ಸೊಂಟ ಸರಿಯಿರಲಿಲ್ಲ. ಬಾಣಂತನದಲ್ಲಿ ಗಾಳಿ ಹೊಕ್ಕಿದೆ ಎಂದು ಎಲ್ಲರೂ ಹೇಳಿದ್ದರು. ಮನೆಗೆ ಬಂದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಎಣ್ಣೆ ಹೇಳಿ, ಒಂದೊಂದು ಸೊಪ್ಪು ತಂದು ಕೊಟ್ಟಿದ್ದರು. ರೊಟ್ಟಿ ತಟ್ಟುವುದು, ಬೀಸುವುದು, ಬಟ್ಟೆ ಒಗೆಯುವುದು ಎಲ್ಲವೂ ಕೂತೇ ಆಗುವ ಕೆಲಸ. ನೀರು ತರುವುದನ್ನು ನನ್ನ ಗಂಡ ಭರಮಪ್ಪ ನೋಡಿಕೊಳ್ಳುತ್ತಿದ್ದರು. ಅವರು ಕೆರೆಯ ಜೊಂಡಿನಿಂದ ಚಾಪೆ ಹೆಣೆಯುತ್ತಾರೆ, ಹೆಚ್ಚು ಮಾತಿನವರಲ್ಲ. ಸಾವಂತ್ರಿ ನನ್ನೊಡನೆ ಮಾತಾಡಬೇಕೆಂದಾಗಲೆಲ್ಲ ನೆಲದ ಮೇಲೆ ಬೋರಲು ಮಲಗಿ ಎರಡೂ ಕೈಯಲ್ಲಿ ಗಲ್ಲ ಹಿಡಿದುಕೊಳ್ಳುತ್ತಿದ್ದಳು. ಅವಳ ಮೂಗಿನ ಮೇಲಿನ ಹಿಟ್ಟು ಒರೆಸಿ, ಇದೊಂದು ಆಟ ಈ ಮಗುವಿಗೆ ಅಂದುಕೊಳ್ಳುತ್ತಿದ್ದೆ.

ನಿಂಬೆವ್ವ ಮಲಗಿದಾಗ ಅವಳಿಗೆ ಆರು ವರ್ಷ. ನನ್ನ ಹೊಟ್ಟೆಯಲ್ಲಿ ಸಾವಂತ್ರಿಗೆ ಏಳು ತಿಂಗಳು. ಆ ದಿನ ಕೆರೆಯ ಕೆಸರಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆಯುತ್ತಿದ್ದೆ. ಅವಳು ಹಿಂದೆ ಬರುತ್ತಿದ್ದಳು. "ಅವ್ವಾ, ಲಗೂ ಲಗೂ ಹೆಜ್ಜಿ ಇಡು," ಎಂದು ಗದರಿಸುತ್ತಿದ್ದಳು. ಮನೆಗೆ ಬಂದವಳೇ ಕಾಲು ಜಡ ಅಂದಳು. ಮರಳು ಹರಡಿ ಅವಳನ್ನು ಮಲಗಿಸಿ ಹಣೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ಕೂತದ್ದು ನೆನಪಿದೆ. ಅದಾದ ಮೇಲೆ ಚೆನ್ನಾಗಿ ನೆನಪಿರುವುದು ಹೆರಿಗೆ ನೋವು. ನಡುವಿನ ದಿನಗಳು ಬಸುರಿಯ ದಿನಗಳು, ಒಂದರಂತೆ ಒಂದು, ಕಳೆದದ್ದೇ ತಿಳಿಯಲಿಲ್ಲ ಎಂದುಕೊಂಡಿದ್ದೆ. ಮೊದಲ ವರ್ಷದ ಬೋಗುಣಿಯನ್ನು ನಾನು ನೋಡಲಿಲ್ಲ, ಬಾಣಂತಿಕೋಣೆಯಲ್ಲಿದ್ದೆ. ಹಿಮ್ಮಡಿ ಮುರಿದು ಹಾಕಿದೆವು, ಹೊತ್ತು ಬಂದಿಲ್ಲ ಎಂದು ಭರಮಪ್ಪ ಹೇಳಿದರು. ಎರಡನೆಯ ವರ್ಷ ನಾನೇ ಬೋಗುಣಿಯ ಮುಂದೆ ಕೂತಿದ್ದೆ. ತಳದಲ್ಲಿ ಹತ್ತೋ ಹನ್ನೆರಡೋ ತೆವಳುಮರಿ. ದುಂಡವ್ವ ಒಮ್ಮೆ ನೋಡಿ ನೀರನ್ನು ಅಂಗಳದ ತುಳಸಿಗೆ ಚೆಲ್ಲಿದಳು.

ಮೂರನೆಯ ವರ್ಷ ಕೆರೆ ತುಂಬಿದ ದಿನ ಮಧ್ಯಾಹ್ನ ದುಂಡವ್ವನ ಕಾಲುಗಳು ಹೊಸ್ತಿಲಲ್ಲಿ ಕಂಡವು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಮೊಣಕಾಲಿನವರೆಗೆ ಹಸಿ ಕೆಸರು.

"ತಗೀ ಕಾಶವ್ವಾ ನಿನ್ನ ಹೆಂಟಿ. ಕೋಡಿ ಬೀಳೂ ಹಂಗ ತುಂಬೈತಿ ಕೆರಿ."

"ಅಜ್ಜೀ, ಇವತ್ತ ಬ್ಯಾಡ. ನಾಳಿ ನೋಡೂಣು."

"ಹೋದ ವರ್ಷನೂ ಹಿಂಗ ಅಂದಿದ್ದಿ. ನಾಳಿ ಅಂದ್ರ ನೀರು ಹಳೇದಾಗತೈತಿ."

"ಉಳದದ್ದು ಇಷ್ಟೇ ಐತಿ ಅಜ್ಜಿ. ಒಂದು ಹಿಡಿ ಮುರದ್ರ ಏನೂ ಉಳಿಯೂದಿಲ್ಲ."

"ಗೊತ್ತೈತಿ," ಅಂದಳು ಅಜ್ಜಿ. ಅವಳ ದನಿ ಮೆತ್ತಗಾಯಿತು. "ಗೊತ್ತಿದ್ದೇ ಮೊದಲು ನಿಮ್ಮನಿಗೆ ಬಂದೀನಿ."

ಸಾತಪ್ಪ ಕಾಕಾನನ್ನು ಕೂರಿಸಲು ಬಂದಿದ್ದ ಲಗುಮಕ್ಕ ವಾತಾವರಣ ಹಗುರ ಮಾಡಲೆಂದು, "ಅಜ್ಜೀ, ನಿನ್ನ ಬೋಗುಣಿ ನಿನಗಿಂತ ಬೆಳ್ಳಗ ಆಗೇತಲ್ಲ, ಏನ್ ಹಚ್ಚಿ ತೊಳದಿ?" ಎಂದಳು.

"ಬೋಗುಣಿ ತೊಳೀಲಿಕ್ಕೆ ಒಂದು ಚಿಟಿಕಿ ಬೂದಿ ಸಾಕವ್ವ. ನನ್ನ ತೊಳೀಲಿಕ್ಕೆ ಕೆರೀನ ಬೇಕು."

ಸಾವಂತ್ರಿ ಕಿಲಕಿಲ ನಕ್ಕಳು. ನಾನೂ ನಕ್ಕೆ, ನಗುತ್ತಲೇ ಗೂಡಿನಿಂದ ಗಂಟು ತೆಗೆದು ಚಾಪೆಯ ಮೇಲೆ ಬಿಚ್ಚಿದೆ. ಬಾಗಿಲ ಬಳಿ ಜೊಂಡು ಸೀಳುತ್ತಿದ್ದ ಭರಮಪ್ಪನ ಕತ್ತಿಯ ಸದ್ದು ನಿಂತಿತು.

ಸಾತಪ್ಪ ಕಾಕಾ ಬಾಗಿ ಹೆಂಟೆಯನ್ನು ನೋಡಿದರು. ಅವರ ಮುಂದೆ ಅದನ್ನು ನಾನು ಯಾವತ್ತೂ ಬಿಚ್ಚಿರಲಿಲ್ಲ.

"ಇದು ಯಾರದು?"

"ನಮ್ಮ ನಿಂಬೀದು, ಕಾಕಾ."

"ನಿಂಬೀದು ಹಿಂದ ಐತಲ್ಲ." ಅವರ ಉಗುರು ಐದು ಗುಳಿಗಳ ಹಿಂದೆ, ನಾನು ಬಿರುಕು ಎಂದುಕೊಂಡಿದ್ದ ಕಡೆ, ಐದು ಸಣ್ಣ ತಗ್ಗುಗಳನ್ನು ಒಂದೊಂದಾಗಿ ಮುಟ್ಟಿತು. "ಇವು ಕೂಸಿನ ಬಳ್ಳು. ಮುಂದಿನವು ನಿನ್ನವು."

"ನನ್ನವು?"

"ಹೂಂ. ಹೆಬ್ಬಳ್ಳಿಗಿಂತ ಅದರ ಬಾಜೂದು ಉದ್ದ. ದಿನಾ ನೋಡತೀನಲ್ಲ. ನಿನ್ನ ಕಾಲ್ನ ನನಗಿಂತ ಹೆಚ್ಚಿಗಿ ನೋಡಿದವರು ಯಾರದಾರ ಈ ಊರಾಗ? ಕೂಸು ನಿನ್ನ ಹೆಜ್ಜ್ಯಾಗ ಹೆಜ್ಜಿ ಇಟ್ಟೈತಿ. ಇದರಾಗ ಇಬ್ಬರದ್ದೂ ಐತಿ."

ನಾನು ನನ್ನ ಪಾದವನ್ನು ಹೆಂಟೆಯ ಪಕ್ಕ ಚಾಚಿದೆ. ಒಣಗಿ ಕುಗ್ಗಿದ ಮಣ್ಣಿನಲ್ಲಿ ಅದೇ ಬೆರಳುಗಳು, ಅದೇ ಓರೆ. ಮೂರು ವರ್ಷ ಮಗಳದೆಂದು ನಾನು ಹಿಡಿದು ಕೂತಿದ್ದದ್ದು ನನ್ನದೇ ಕಾಲಾಗಿತ್ತು.

"ಸಲಿಕಿ ಹಿಡದು ಹೋದವರು ಇದನ್ನ ನೋಡಲಿಲ್ಲೇನು?" ಎಂದು ನಾನು ಕೇಳಿದೆ. ಲಗುಮಕ್ಕನ ಪಾದಗಳು ಒಂದು ಹೆಜ್ಜೆ ಹಿಂದೆ ಸರಿದವು. ಭರಮಪ್ಪನ ಹೆಬ್ಬೆರಳು ನೆಲವನ್ನು ಕೆರೆಯುತ್ತಿತ್ತು.

"ಹೇಳೋ ಭರಮ್ಯಾ," ಎಂದಳು ದುಂಡವ್ವ. "ಎಷ್ಟ ದಿನ ಅಂತ ಸೊಂಟದ ಮ್ಯಾಲ ಹಾಕ್ತಿ?"

ಅವರು ಬಂದು ನನ್ನೆದುರು ಕೂತರು. ಅವರ ಅಂಗೈಗಳು ಕಂಡವು, ಜೊಂಡಿನ ಗೀರುಗಳು ಕಂಡವು.

"ನೀನೂ ಮಲಗಿದ್ದಿ ಕಾಶಿ," ಎಂದರು. "ಕೂಸಿನ ಹಣೀ ಮ್ಯಾಲ ಕೈ ಇಟ್ಟಾಕಿ, ಹಂಗ ಬಾಜೂಕ ಒರಗಿದಿ. ನಾ ಕೆರಿಗಿ ಓಡಿದೆ. ನಿಮ್ಮಿಬ್ಬರದೂ ಕೊನೀ ಹೆಜ್ಜಿ ಒಂದ ಜಾಗಾದಾಗ ಇತ್ತು. ಒಂದರೊಳಗ ಒಂದು. ಬ್ಯಾರೆ ಬ್ಯಾರೆ ಎತ್ತಾಕ ಬರಲಿಲ್ಲ. ಒಂದ ಹೆಂಟಿ ಇಬ್ಬರಿಗೂ ಆದೀತು ಅಂದ್ಕೊಂಡೆ."

"ಮತ್ತ ನಾ ಹೆಂಗ ಎದ್ದೆ?"

"ಒಂಬತ್ತು ತುಂಬಿತ್ತು. ಹೊಟ್ಟ್ಯಾಗಿನ ಕೂಸು ಒದೀತಿತ್ತು. ನೀ ಮಲಗೇ ಇದ್ದಿ. ಕೆರ್‍ಯಾಗ ನೀರಿಲ್ಲ, ಆರಿದ್ರಾಕ್ಕ ಇನ್ನೂ ತಿಂಗಳ ಮ್ಯಾಲ ಇತ್ತು. ಹರವಿ ನೀರಾಗ ಹಿಮ್ಮಡಿ ಮುರದು ಹಾಕಿದೆ. ತೆವಳುಮರಿನ ಬಂದ್ವು. ನೋಡಿದೆ. ನೋಡಿ ಎಬ್ಬಿಸಿದೆ. ಇಲ್ಲಂದ್ರ ಈಕಿ ಹುಟ್ಟತಿದ್ದಿಲ್ಲ."

ಈಕಿ ಅಂದದ್ದು ಸಾವಂತ್ರಿಗೆ. ಅವಳು ಎಂದಿನಂತೆ ನನ್ನ ಮುಂದೆ ಬೋರಲು ಮಲಗಿ ಗಲ್ಲ ಹಿಡಿದುಕೊಂಡಿದ್ದಳು.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಸಾವಂತ್ರಿಯ ಮುಖ ಗೊತ್ತಿತ್ತು, ಎದುರಿಗೇ ಇತ್ತು. ಭರಮಪ್ಪನ ಮುಖ ನೆನಪಿಗೆ ಬಂತು, ಆದರೆ ಅದು ಮದುವೆಯ ದಿನದ್ದು, ಬಾಸಿಂಗ ಕಟ್ಟಿದ್ದು. ಲಗುಮಕ್ಕನ ಕೂದಲು ಬೆಳ್ಳಗಾಗಿದೆಯೋ ಇಲ್ಲವೋ ಗೊತ್ತಿರಲಿಲ್ಲ. ನಮ್ಮ ಮನೆಯ ಜಂತಿಗಳಿಗೆ ಸುಣ್ಣ ಬಳಿದಿದ್ದರೋ, ಹೊಗೆಯ ಮಸಿಯಿತ್ತೋ, ಗೊತ್ತಿರಲಿಲ್ಲ. ಚಂದ್ರನನ್ನು ಕಡೆಯ ಬಾರಿ ನೋಡಿದ್ದು ಯಾವಾಗ? ತಲೆ ಎತ್ತೋಣ ಅಂದುಕೊಂಡೆ. ನೋವೇನೂ ಆಗಲಿಲ್ಲ. ಎತ್ತಲು ಅಲ್ಲಿ ಏನೂ ಇಲ್ಲ ಅನ್ನಿಸಿತು, ಅಷ್ಟೆ. ಅನ್ನಿಸಿದ ಕೂಡಲೇ ಈ ಮಾತನ್ನು ಯಾರ ಬಾಯಲ್ಲಿ ಕೇಳಿದ್ದೇನೆ ಎಂದು ಹೊಳೆಯಿತು. ಊರಿಗೆ ಊರೇ ಸೇರಿ ನನಗೊಂದು ಸೊಂಟ ನೋವನ್ನು ಕಟ್ಟಿಕೊಟ್ಟಿತ್ತು, ಮೂರು ವರ್ಷ ಅದಕ್ಕೆ ಎಣ್ಣೆ ತಿಕ್ಕಿತ್ತು.

"ಹಂಗಾದ್ರ ನಾನೂ ಕಾಕಾನ ಹಂಗೇನು?" ಎಂದೆ.

ಸಾತಪ್ಪ ಕಾಕಾ ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. "ನನ್ನ ಹಂಗ್ಯಾಕ? ನಿನಗ ರೊಟ್ಟಿ ಬಡಿಯಾಕ ಬರತೈತಿ."

ದುಂಡವ್ವ ಹೆಂಟೆಯನ್ನು ಪೂರ್ತಿಯಾಗಿ ಬೋಗುಣಿಗೆ ಹಾಕಿದಳು. ಎರಡು ಸಾಲು ಬೆರಳುಗಳು ನೀರು ಬಿದ್ದ ಕೂಡಲೇ ಬುಸ್ಸೆಂದು ಗಾಳಿ ಬಿಟ್ಟು ಕರಗಿದವು. ನಾನು ಅಡ್ಡಿ ಮಾಡಲಿಲ್ಲ. ಅಜ್ಜಿ ಬೋಗುಣಿಯನ್ನು ಒಳಕೋಣೆಯಲ್ಲಿ, ನಿಂಬೆವ್ವನ ಕಾಲ ಬಳಿ ನೆಲದ ಮೇಲಿಟ್ಟು ಮುಚ್ಚಿ ಹೋದಳು.

ಮರುದಿನ ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಎಲ್ಲರೂ ಬಂದರು. ಕಿಟಕಿಯಿಂದ ಬಿಸಿಲಿನ ಕೋಲು ನೇರ ಬೋಗುಣಿಗೆ ಬಿದ್ದಿತ್ತು. ದುಂಡವ್ವ ಮುಚ್ಚಳ ತೆಗೆದಳು. ತಳದ ಕೆಸರಿನ ಮೇಲೆ ಎಳ್ಳಿನ ಸಿಪ್ಪೆಯಂಥ ತೆವಳುಮರಿಗಳು ಸರಿದಾಡುತ್ತಿದ್ದವು. ಎಣಿಸಿದೆ, ಏಳು. ಅಜ್ಜಿಯ ಕೈ ಬೋಗುಣಿ ಎತ್ತಲು ಅಂಚಿಗೆ ಬಂತು. ನಾನು ಆ ಕೈ ಹಿಡಿದೆ.

"ತಡೀ ಅಜ್ಜಿ. ಹೋದ ವರ್ಷ ತಳಾ ಅಷ್ಟ ನೋಡಿ ಚೆಲ್ಲಿದಿ. ಮ್ಯಾಲೂ ನೋಡು."

ಬೋಗುಣಿಯ ಅಂಚಿನ ನೆರಳಿನಲ್ಲಿ, ನೀರಿನ ತೊಗಲಿಗೆ ತಾಗಿದಂತೆ, ಎಂಟನೆಯದು ನಿಂತಿತ್ತು. ಕೂದಲೆಳೆಯಂಥ ಮೈ, ಮೈಗಿಂತ ದೊಡ್ಡ ಎರಡು ಕಣ್ಣು. ಬಿಸಿಲಿಗೆ ಬಂದಿತು, ಬೆದರಿ ಮತ್ತೆ ನೆರಳಿಗೆ ಸರಿಯಿತು. ಕೆಳಗೆ ಮಾತ್ರ ಇಳಿಯಲಿಲ್ಲ.

ದುಂಡವ್ವ ಬೋಗುಣಿಯ ಮೇಲೆ ಬಾಗಿದಳು. "ನನ್ನ ಅವ್ವನೂ ಇಂಥಾದ್ದು ಕಂಡಿದ್ದಿಲ್ಲ," ಎಂದಳು. "ಇಬ್ಬರದ್ದು ಕೂಡೇತಿ. ತೆವಳೂವು ಒಬ್ಬರವು, ಏಳೂದು ಒಬ್ಬರದು. ಆದ್ರ ಇದು ಯಾರದು ಅಂತ ನಾ ಹೇಳಲಾರೆ."

"ಅಜ್ಜೀ," ಎಂದರು ಭರಮಪ್ಪ. "ಅದು ಕಾಶೀದಾದ್ರ? ಈಕೀ ಕಣ್ಣಿಗಿ ಹಚ್ಚಿದ್ರ ಈಕಿ ತಲಿ ಎತ್ತತಾಳೇನು?"

"ಎತ್ತಬಹುದು. ಒಂದು ನೀರು ಒಬ್ಬರಿಗೆ. ಈಕಿಗಿ ಹಚ್ಚಿದ್ರ ಹುಡುಗಿಗಿ ಇಲ್ಲ."

"ಹುಡುಗಿಗಿ ಹಚ್ಚಿ, ಅದು ಹುಡುಗೀದಲ್ಲದಿದ್ರ?"

ಅದಕ್ಕೆ ಉತ್ತರವಾಗಿ ಸಾತಪ್ಪ ಕಾಕಾ ಗೋಡೆಗೆ ಒರಗಿ ಕೂತು ನೆಲದ ಮೇಲಿನ ಇರುವೆ ಸಾಲನ್ನು ನೋಡುತ್ತಿದ್ದರು.

ಭರಮಪ್ಪ ನನ್ನ ಕೈ ಹಿಡಿದರು. "ನಿನ್ನ ಹಿಂಗ ಮಾಡಿದವ ನಾನು ಕಾಶಿ. ನೀ ಹಚ್ಕೋ. ಮೂರು ವರ್ಷ ಆತು ನೀ ನನ್ನ ಮಾರಿ ನೋಡಿ. ಹುಡುಗೀನ..." ಅಲ್ಲಿಗೆ ನಿಲ್ಲಿಸಿದರು. ಆ ಮಾತು ಮುಗಿಸಿದ್ದರೆ ಅದರ ಕೊನೆಯಲ್ಲಿ ಬತ್ತಿದ ಕೆರೆ ಇತ್ತು, ಕೆಸರು ಇತ್ತು.

ನನಗೆ ತಲೆ ಎತ್ತಬೇಕು ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿಂದಿನ ದಿನದಿಂದ ಬೇರೇನೂ ಅನ್ನಿಸಿರಲಿಲ್ಲ. ಇವರ ಮುಖ ನೋಡಬೇಕು, ಮಳೆ ಬರುವುದನ್ನು ಕೆಸರಿನಲ್ಲಲ್ಲ, ಮೋಡದಲ್ಲಿ ನೋಡಬೇಕು. ಆದರೆ ನನ್ನ ಕೈಯ ಪಕ್ಕದಲ್ಲೇ ಆ ಕಾಲು ಇತ್ತು. ಆರು ವರ್ಷದ ಕಾಲು, ಮೂರು ಮಳೆಗಾಲ ಬೆಳೆಯದೆ ಇದ್ದದ್ದು, ಬೆರಳ ಸಂದಿಯಲ್ಲಿ ಮರಳು.

"ಹುಡುಗಿಗಿ ಹಚ್ಚರಿ," ಎಂದೆ.

"ಆಕೀನೂ ನಿನ್ನ ಹಂಗ ಆದ್ರ?" ಎಂದರು ಭರಮಪ್ಪ.

"ನನ್ನ ಹಂಗ ಆದ್ರ ನನ್ನ ಬಾಜೂ ಕುಂದರತಾಳ. ಹರಳು ಆರಸತಾಳ. ಸಾವಂತ್ರಿ ಇಬ್ಬರ ಮುಂದೂ ಬೋರಲ ಬೀಳತಾಳ. ಕೆಸರಿನ್ಯಾಗ ಇಟ್ಟು ಬಂದು ಕಾಲು ತೊಳಕೊಳ್ಳೂದಂತೂ ನನಗ ಆಗೂದಿಲ್ಲ."

ಹಿಂದಿನಿಂದ ಲಗುಮಕ್ಕ ಸಣ್ಣ ದನಿಯಲ್ಲಿ, "ನಾನೂ ಅವತ್ತ ಹಿಂಗ ಅಂದಿದ್ದೆ," ಎಂದಳು. ಅವಳು ಎಚ್ಚರ ಹೇಳಿದಳೋ ಧೈರ್ಯ ಹೇಳಿದಳೋ ನನಗೆ ಇಂದಿಗೂ ತಿಳಿದಿಲ್ಲ. ಅವಳ ಮುಖ ನೋಡಿದ್ದರೆ ತಿಳಿಯುತ್ತಿತ್ತು.

ನಾನು ಬೊಗಸೆಯನ್ನು ನೀರಿನ ಮೇಲ್ಪದರದಲ್ಲಿ ಮೆಲ್ಲಗೆ ಮುಳುಗಿಸಿದೆ. ಎಂಟನೆಯ ಮರಿ ತಾನಾಗಿ ಬೊಗಸೆಯೊಳಗೆ ಬಂತು. ಕೆಳಗಿನ ಏಳೂ ಆ ಕಡೆಗೆ, ನನ್ನ ಕಡೆಗೆ, ತೆವಳಿ ಬಂದು ಬೋಗುಣಿಯ ಗೋಡೆಗೆ ಹತ್ತಿ ನಿಂತವು. ಅದನ್ನು ನೋಡಬಾರದಿತ್ತು, ನೋಡಿದೆ. ಮಗಳ ಕಣ್ಣಿನ ಮೇಲೆ ಹನಿಹನಿಯಾಗಿ ನೀರು ಬಿಟ್ಟೆ. ಕೊನೆಯ ಹನಿಯ ಜೊತೆ ಮರಿಯೂ ಜಾರಿ ಅವಳ ರೆಪ್ಪೆಯ ಸಂದಿಯಲ್ಲಿ ಒಮ್ಮೆ ಮಿನುಗಿ ಕಾಣದಾಯಿತು.

"ನಿಂಬೀ," ಎಂದು ಕೂಗಿದೆ. ಏನೂ ಇಲ್ಲ. "ನಿಂಬೀ." ಎಲ್ಲೋ ಹೊರಗೆ ಯಾರದೋ ಮನೆಯಲ್ಲಿ ಎದ್ದವರಿಗೆ ಆರತಿ ಎತ್ತುವ ಹಾಡು ಕೇಳುತ್ತಿತ್ತು. ಮೂರನೆಯ ಸಲ ಕೂಗಲು ನಾನು ಬಾಯಿ ತೆರೆಯುವ ಮೊದಲೇ ಸಾವಂತ್ರಿ ಕೂಗಿದಳು. ಅವಳು ಹುಟ್ಟಿದಂದಿನಿಂದ ಆ ಹೆಸರನ್ನು ಕೇಳಿಯೇ ಬಲ್ಲಳು, ಒಮ್ಮೆಯೂ ಕರೆದಿರಲಿಲ್ಲ. "ನಿಂಬೆಕ್ಕಾ!"

ಮರಳು ಸರಸರ ಅಂದಿತು. ಎದುರಿನ ಕಾಲಿನ ಬೆರಳುಗಳು ಹರಡಿ ಮಡಚಿಕೊಂಡವು. ಉದ್ದನೆಯ ಒಂದು ಉಸಿರು, ಅದರ ಹಿಂದೆಯೇ ಇನ್ನೊಂದು. ಕಾಲುಗಳು ಮರಳಿನಿಂದ ಕೆಳಗಿಳಿದವು. ಪಾದಗಳು ನೆಲ ಹುಡುಕಿ ನನ್ನ ಪಾದಗಳ ಪಕ್ಕದಲ್ಲಿ ಊರಿದವು. ಅವಳು ನಿಂತಳು.

ಹಸಿವು ಅಂತ ಅವಳು ಅನ್ನಲಿಲ್ಲ. ನಾನು ಆ ಎರಡು ಪಾದಗಳನ್ನು ನೋಡುತ್ತ ಕೂತೆ. ಮುಂದಿನ ಕ್ಷಣ ಮೊಣಕಾಲು ಮಡಚುತ್ತವೋ, ಅವಳು ಗೋಡೆಗೆ ಒರಗಿ ಕೆಳಗೆ ಸರಿಯುತ್ತಾಳೋ, ಸಾತಪ್ಪ ಕಾಕಾನ ಇರುವೆ ಸಾಲಿನ ಮುಂದೆ ಕೂರುತ್ತಾಳೋ ಎಂದು ಕಾಯುತ್ತಿದ್ದೆ. ಚಾಪೆಯ ಮೇಲೆ ಅವಳಿಗೆ ಜಾಗ ಬಿಟ್ಟು ಆಗಲೇ ಒಂದಿಷ್ಟು ಪಕ್ಕಕ್ಕೆ ಸರಿದಿದ್ದೆ.

"ಏನ್ರೀ," ಎಂದೆ ಮೆಲ್ಲಗೆ, "ಎತ್ತಾಗ ನೋಡಾಕತ್ತಾಳ?"

ಭರಮಪ್ಪ ಬಿಕ್ಕುತ್ತಿದ್ದರು.

ಆಗ ಅವಳ ಹಿಮ್ಮಡಿಗಳು ನೆಲ ಬಿಟ್ಟು ಎದ್ದವು. ಅವಳು ತುದಿಗಾಲಿನ ಮೇಲೆ ನಿಂತಿದ್ದಳು.

"ಅವ್ವಾ," ಎಂದಳು ನಿಂಬೆವ್ವ. ಮೂರು ವರ್ಷ ಯಾರೂ ಬಳಸದ ದನಿ, ಒಣಗಿತ್ತು. "ಜಂತ್ಯಾಗ ಗುಬ್ಬಿ ಗೂಡು ಕಟ್ಟೈತಿ. ಯಾವಾಗ ಕಟ್ತು?"

"ಗೊತ್ತಿಲ್ಲವ್ವ," ಎಂದೆ. "ನಾ ನೋಡಿಲ್ಲ."

"ಇಲ್ಲೇ ಐತಲ್ಲ, ನಿನ್ನ ತಲೀ ಮ್ಯಾಲ."

"ನೋಡಿ ಹೇಳು ನನಗ. ಒಳಗ ಗುಬ್ಬಿ ಐತೇನು?"

"ತಡೀ," ಎಂದಳು. ನನ್ನ ಭುಜದ ಮೇಲೆ ಒಂದು ಕೈ ಊರಿಕೊಂಡಳು. ಹಿಮ್ಮಡಿಗಳು ಇನ್ನಷ್ಟು ಮೇಲೆದ್ದವು.